ಐದು ಗುಂಟೆಯಲ್ಲಿ ಸುಗಂಧರಾಜ: ಮಣ್ಣು ಕೆಡಿಸದೆ ಹೂ ಬೆಳೆಯೋದು ಹೇಗೆ?



ಮಂಡ್ಯ, ಮದ್ದೂರು, ಮಳವಳ್ಳಿ ಅಂದ ಕೂಡಲೆ ಎಲ್ಲರೂ ಕಬ್ಬು, ಭತ್ತ, ತೆಂಗು, ರೇಷ್ಮೆ ಅಂತಾರೆ. ಹೂವಿನ ಹೆಸರು ಯಾರ ಬಾಯಲ್ಲೂ ಮೊದಲು ಬರೋದಿಲ್ಲ. ಆದರೆ ನಿಮ್ಮೂರಿನ ಹೊಲಗಳ ಕಡೆ ಒಮ್ಮೆ ನೋಡಿ. ಬಾವಿ ಪಕ್ಕ ನಾಲ್ಕು ಸಾಲು ಸೇವಂತಿಗೆ, ತೆಂಗಿನ ಮರದ ಕೆಳಗೆ ಕನಕಾಂಬರ, ಮನೆ ಹಿತ್ತಲಲ್ಲಿ ಕಾಕಡ, ದೊಡ್ಡ ಹಬ್ಬ ಬಂತು ಅಂದರೆ ಚೆಂಡು ಹೂ. ಕಬ್ಬಿನ ದುಡ್ಡು ವರ್ಷಕ್ಕೆ ಒಂದು ಸಲ ಬರ್ತದೆ, ಅದೂ ಹೆಚ್ಚಾಗಿ ಗಂಡಸರ ಹೆಸರಿನ ಖಾತೆಗೆ. ಹೂವಿನ ದುಡ್ಡು ವಾರವಾರ ಬರ್ತದೆ, ಕಿತ್ತವಳ ಕೈಗೇ ಬರ್ತದೆ. ಸಂಘದ ವಾರದ ಉಳಿತಾಯ ಕಟ್ಟೋದಕ್ಕೆ, ಮಕ್ಕಳ ಬಸ್ ಪಾಸಿಗೆ, ಔಷಧಿಗೆ ಇದೇ ಆಗ್ತದೆ. ಅದಕ್ಕೇ ಈ ಸಲ ಹೂವಿನ ಬೇಸಾಯದ ಬಗ್ಗೆ, ಅದರಲ್ಲೂ ಸುಗಂಧರಾಜದ ಬಗ್ಗೆ ಬರೆಯುತ್ತಿದ್ದೇವೆ.

ಸುಗಂಧರಾಜವನ್ನೇ ಯಾಕೆ ಆರಿಸಿಕೊಂಡೆವು? ಈ ಒಂದೇ ಗಿಡದ ಹೂವನ್ನು ಎರಡು ಥರ ಮಾರಬಹುದು. ಬಿಡಿ ಹೂವಾಗಿ ಕಿಲೋ ಲೆಕ್ಕದಲ್ಲಿ ಹಾರಕ್ಕೆ ಕೊಡಬಹುದು, ಕಡ್ಡಿ ಸಮೇತ ಕತ್ತರಿಸಿ ಹೂಗುಚ್ಛಕ್ಕೆ, ಮದುವೆ ಮಂಟಪಕ್ಕೆ ಕೊಡಬಹುದು. ಒಮ್ಮೆ ಗೆಡ್ಡೆ ನೆಟ್ಟರೆ ಎರಡು ಮೂರು ವರ್ಷ ಹೂ ಕೊಡ್ತದೆ. ಗುಲಾಬಿಗೆ, ಜರ್ಬೆರಾಗೆ ಕಟ್ಟುವ ಹಾಗೆ ಪ್ಲಾಸ್ಟಿಕ್ ಮನೆ ಕಟ್ಟಬೇಕಾಗಿಲ್ಲ. ಸಣ್ಣ ಹಿಡುವಳಿಯ ಹೆಣ್ಣುಮಗಳು ಲಕ್ಷಗಟ್ಟಲೆ ಸಾಲ ಮಾಡಿ ಪಾಲಿಹೌಸ್ ಹಾಕುವುದು ನಮಗೆ ಒಪ್ಪಿಗೆಯಾದ ದಾರಿ ಅಲ್ಲ. ಬೆಲೆ ಬಿದ್ದ ದಿನ ಆ ಸಾಲ ಅವಳನ್ನೇ ನುಂಗಿಬಿಡ್ತದೆ.

ಎಷ್ಟು ಜಾಗ, ಯಾವ ತಳಿ?

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರ ಅಡಿ. ಅಡಿಗೊಂದು ಗೆಡ್ಡೆಯಂತೆ ನೆಟ್ಟರೆ ಗುಂಟೆಗೆ ಸಾವಿರದ ಮೇಲೆ ಹಿಡೀತದೆ. ಓಡಾಡೋ ದಾರಿ, ಕಾಲುವೆ ಬಿಟ್ಟು ಐದು ಗುಂಟೆಗೆ ನಾಲ್ಕೂವರೆಯಿಂದ ಐದು ಸಾವಿರ ಗೆಡ್ಡೆ ಬೇಕಾಗ್ತದೆ. ದಪ್ಪ ಅಡಿಕೆಯಷ್ಟಾದರೂ ಇರುವ, ಗಟ್ಟಿಯಾದ, ಕೊಳೆಯದ ಗೆಡ್ಡೆ ಆರಿಸಿ. ಕಿತ್ತ ಗೆಡ್ಡೆಯನ್ನು ಅಂದೇ ನೆಡಬಾರದು, ನೆರಳಲ್ಲಿ ಒಂದು ತಿಂಗಳಾದರೂ ಒಣಗಲು ಬಿಡಬೇಕು. ಎರಡು ಎರಡೂವರೆ ಇಂಚು ಆಳಕ್ಕೆ ನೆಟ್ಟರೆ ಸಾಕು. ನೆಟ್ಟ ಮೂರು ಮೂರೂವರೆ ತಿಂಗಳಿಗೆ ಮೊದಲ ಕಡ್ಡಿ ಏಳ್ತದೆ.

ತಳಿಗಳನ್ನು ಬೆಂಗಳೂರು ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ್ದಾರೆ. ಒಂಟಿ ಸುತ್ತಿನವು ಶೃಂಗಾರ್, ಪ್ರಜ್ವಲ್, ಅರ್ಕಾ ನಿರಂತರ. ಇವು ಹಾರಕ್ಕೆ, ಬಿಡಿ ಹೂವಿಗೆ. ಪ್ರಜ್ವಲ್‌ನ ಮೊಗ್ಗು ಸ್ವಲ್ಪ ನಸುಗೆಂಪು, ಹೂ ದಪ್ಪ, ಕಡ್ಡಿಯಾಗಿಯೂ ಮಾರಬಹುದು. ಸುವಾಸಿನಿ ಮತ್ತು ವೈಭವ್ ಸುತ್ತು ದಳದವು, ಕಡ್ಡಿ ಹೂವಿಗೆ ಹೇಳಿ ಮಾಡಿಸಿದವು. ಆದರೆ ಕಡ್ಡಿ ಹೂವಿನ ಗಿರಾಕಿ ಇರೋದು ಮೈಸೂರು, ಬೆಂಗಳೂರಿನಲ್ಲಿ. ಬಿಡಿ ಹೂವಿಗೆ ಮದ್ದೂರು, ಮಂಡ್ಯ, ಮಳವಳ್ಳಿ ಪೇಟೆಯಲ್ಲೇ ಗಿರಾಕಿ ಉಂಟು. ಹಾಗಾಗಿ ಹೊಸದಾಗಿ ಶುರು ಮಾಡುವವರು ನಾಲ್ಕು ಗುಂಟೆ ಒಂಟಿ ಸುತ್ತು, ಒಂದು ಗುಂಟೆ ಸುತ್ತು ದಳ ಅಂತ ಇಟ್ಟುಕೊಂಡರೆ ಕಷ್ಟ ಕಡಿಮೆ.

ಕಣ್ಣಿಗೆ ಕಾಣದ ಕಳ್ಳ

ಸುಗಂಧರಾಜ ಹಾಕಿದ ಅನೇಕರು ಹೇಳುವ ಮಾತು ಒಂದೇ. "ಮೊದಲನೇ ವರ್ಷ ಚೆನ್ನಾಗಿ ಬಂತು, ಎರಡನೇ ವರ್ಷ ಗಿಡ ಹಳದಿ ಆಯ್ತು, ಕಡ್ಡಿ ಗಿಡ್ಡ ಆಯ್ತು, ಹೂ ಉದುರಿಹೋಯ್ತು." ಗೊಬ್ಬರ ಸಾಲದು ಅಂತ ಯೂರಿಯಾ ಹಾಕ್ತಾರೆ, ರೋಗ ಅಂತ ಅಂಗಡಿಯವರು ಕೊಟ್ಟ ಔಷಧಿ ಹೊಡೀತಾರೆ. ಒಂದು ಗಿಡ ಕಿತ್ತು ಬೇರು ತೊಳೆದು ನೋಡುವವರು ಕಡಿಮೆ. ಬೇರಿನಲ್ಲಿ ಸಾಸಿವೆ ಕಾಳಿನಂಥ, ಜೋಳದ ಕಾಳಿನಂಥ ಗಂಟುಗಳು ಕಂಡರೆ ಅದು ಬೇರುಗಂಟು ಜಂತುಹುಳು. ಮರಿಹುಳು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು, ಬರಿಗಣ್ಣಿಗೆ ಕಾಣೋದಿಲ್ಲ. ಬೇರಿನೊಳಗೆ ಹೊಕ್ಕು ಅಲ್ಲೇ ನೆಲೆಸಿ ರಸ ಹೀರ್ತದೆ. ಒಂದು ಹೆಣ್ಣು ಹುಳು ನೂರಾರು ಮೊಟ್ಟೆ ಇಡ್ತದೆ. ನಮ್ಮ ಕಡೆಯ ಬಿಸಿ ಮಣ್ಣಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು ಮುಗಿದು ಮುಂದಿನದು ಶುರುವಾಗ್ತದೆ.

ಈ ಹುಳು ಸುಗಂಧರಾಜಕ್ಕೆ ಮಾತ್ರ ಅಂಟಿದ್ದಲ್ಲ. ಟೊಮೆಟೊ, ಬದನೆ, ಬೆಂಡೆ, ಸೌತೆ, ಹುರುಳಿಕಾಯಿ, ಅಷ್ಟೇಕೆ ಬದುವಿನ ಮೇಲೆ ತಾನೇ ಹುಟ್ಟುವ ಗಣಿಕೆ ಸೊಪ್ಪಿನ ಬೇರಲ್ಲೂ ಬದುಕ್ತದೆ. ಆದ್ದರಿಂದ ಟೊಮೆಟೊ ಕಿತ್ತ ಜಾಗಕ್ಕೆ ನೇರವಾಗಿ ಸುಗಂಧರಾಜ ಹಾಕಬೇಡಿ. ನಾಲೆ ಬಯಲಿನಲ್ಲಿ ಒಂದು ಕಾರು ಭತ್ತ ಬೆಳೆದು ತಿಂಗಳುಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಈ ಹುಳುವಿನ ಕಾಟ ಕಡಿಮೆ. ನಿಂತ ನೀರಲ್ಲಿ ಅದಕ್ಕೆ ಉಸಿರಾಡಲು ಆಗೋದಿಲ್ಲ. ಹಾಗಂತ ನೀರು ಬಸಿಯದ ಗದ್ದೆಯಲ್ಲೇ ಗೆಡ್ಡೆ ನೆಟ್ಟರೆ ಅದು ಕೊಳೆತು ಹೋಗ್ತದೆ. ಭತ್ತದ ನಂತರ ಏರು ಮಡಿ ಮಾಡಿ, ಬಸಿಗಾಲುವೆ ತೆಗೆದು ಆಮೇಲೆ ನೆಡಬೇಕು. ಚೌಳು ಎದ್ದ ತಗ್ಗು ಗದ್ದೆಗೆ ಸುಗಂಧರಾಜ ಬೇಡವೇ ಬೇಡ.

ಮಳವಳ್ಳಿ ಕಡೆಯ ಕೆಂಪು ಮಣ್ಣಿನ ಖುಷ್ಕಿ ಜಮೀನಿನವರಿಗೆ ಭತ್ತದ ದಾರಿ ಇಲ್ಲ. ಅವರಿಗೆ ಇರುವ ಒಳ್ಳೆಯ ಉಪಾಯ ಚೆಂಡು ಹೂ. ಚೆಂಡು ಹೂವಿನ ಬೇರಿನಲ್ಲಿ ಈ ಹುಳುವಿಗೆ ವಿಷವಾಗುವ ವಸ್ತು ಇದೆ. ಬೇರಿಗೆ ನುಗ್ಗಿದ ಮರಿಹುಳು ಬೆಳೆದು ಮೊಟ್ಟೆ ಇಡಲಾಗದೆ ಸಾಯ್ತದೆ. ಇಲ್ಲಿ ಒಂದು ಮಾತು ಗಮನದಲ್ಲಿರಲಿ. ಬದುವಿನ ಸುತ್ತ ಒಂದು ಸಾಲು ಚೆಂಡು ಹೂ ಹಾಕಿದರೆ ಹೊಲ ಶುದ್ಧ ಆಗ್ತದೆ ಅನ್ನೋದು ಸುಳ್ಳು. ಬೇರು ಎಷ್ಟು ದೂರ ಹರಡ್ತದೋ ಅಷ್ಟು ಮಣ್ಣಿಗೆ ಮಾತ್ರ ಅದರ ಪ್ರಭಾವ. ಇಡೀ ಐದು ಗುಂಟೆಗೆ ಒತ್ತಾಗಿ ಹಾಕಿ, ಎರಡು ಮೂರು ತಿಂಗಳು ನಿಲ್ಲಿಸಬೇಕು, ನಡುವೆ ಗಣಿಕೆ ಮುಂತಾದ ಕಳೆ ಬೆಳೆಯದ ಹಾಗೆ ನೋಡಿಕೊಳ್ಳಬೇಕು. ಟೊಮೆಟೊ ತೋಟದಲ್ಲಿ 16 ಸಾಲಿಗೆ ಒಂದು ಸಾಲು ಚೆಂಡು ಹೂ ಹಾಕಿ ಅಂತ ಹೆಸರಘಟ್ಟದವರು ಹೇಳ್ತಾರಲ್ಲ, ಅದು ಕಾಯಿಕೊರಕ ಹುಳುವಿನ ಚಿಟ್ಟೆಯನ್ನು ಹೂವಿನ ಕಡೆ ಸೆಳೆಯೋದಕ್ಕೆ. ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ.

ಜನವರಿಯಲ್ಲಿ ಚೆಂಡು ಹೂ ಸಸಿ ನೆಟ್ಟರೆ ಎರಡು ತಿಂಗಳಿಗೆ ಹೂ, ಯುಗಾದಿ ವ್ಯಾಪಾರಕ್ಕೆ, ವೈರಮುಡಿ ಜಾತ್ರೆಯ ಹೊತ್ತಿಗೆ ಸರಿಯಾಗ್ತದೆ. ಬಿಸಿಲು ಏರಿದಾಗ ಎಲೆಯ ಹಿಂದೆ ಕೆಂಪು ನುಸಿ ಬರ್ತದೆ, ಬೆಳಿಗ್ಗೆ ಎಲೆಯ ಹಿಂಭಾಗಕ್ಕೆ ರಭಸವಾಗಿ ನೀರು ಹೊಡೆದರೆ ಬಹಳಷ್ಟು ತೊಳೆದು ಹೋಗ್ತದೆ. ಹೂ ಮುಗಿದ ಮೇಲೆ ಗಿಡ ಕಿತ್ತು ಬದುವಿಗೆ ಎಸೆಯಬೇಡಿ, ಅಲ್ಲೇ ಕತ್ತರಿಸಿ ಮಣ್ಣಿಗೆ ಸೇರಿಸಿ ಉಳಿ. ಮೇ ಕೊನೆ, ಜೂನ್ ಮೊದಲ ಮಳೆಗೆ ಸುಗಂಧರಾಜ ನೆಡಿ. ಬೇವಿನ ಹಿಂಡಿ ಗುಂಟೆಗೆ 10 ಕಿಲೋ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರದ ಜೊತೆ ಹಾಕಿ. ಟ್ರೈಕೋಡರ್ಮಾ ಪುಡಿ ಒಂದೆರಡು ಕಿಲೋ ತಂದು ನೂರು ಕಿಲೋ ಹಸಿ ಆರದ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಗೋಣಿಚೀಲ ಹೊದಿಸಿ ಒಂದು ವಾರ ಇಟ್ಟು ಹಾಕಿದರೆ ಬುಡ ಕೊಳೆಯುವ ರೋಗ ತಗ್ಗುತ್ತದೆ. ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಇಂಥವು ಎಲ್ಲಿ ಸಿಗ್ತವೆ ಅಂತ ಅಲ್ಲೇ ಕೇಳಬಹುದು. ತಳಿಗಳಲ್ಲಿ ಶೃಂಗಾರ್ ಈ ಹುಳುವನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ತದೆ.

ಗೊಬ್ಬರ ನಮ್ಮ ಊರಲ್ಲೇ ಇದೆ

ಗುಂಟೆಗೆ 250 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕು, ಅಂದರೆ ಐದು ಗುಂಟೆಗೆ ಸುಮಾರು ಒಂದೂಕಾಲು ಟನ್. ಎರಡು ಹಸು ಇರುವ ಮನೆಗೆ ಇದು ಕಷ್ಟವಲ್ಲ. ಹೊಂಗೆ ಸೊಪ್ಪು, ಗೊಬ್ಬರದ ಗಿಡದ ಸೊಪ್ಪು ಬದುವಿನಲ್ಲೇ ಬೆಳೆಸಿಕೊಳ್ಳಬಹುದು.

ಜೀವಾಮೃತದ ಬಗ್ಗೆ ಎಲ್ಲ ಕಡೆ ಕೇಳಿದ್ದೀರಿ. ಎಕರೆಗೆ 200 ಲೀಟರ್ ಅಂತ ಹೇಳ್ತಾರೆ, ನಮ್ಮ ಐದು ಗುಂಟೆಗೆ ಅದರ ಎಂಟನೇ ಒಂದು ಭಾಗ ಸಾಕು. 25 ಲೀಟರ್ ನೀರು, ಒಂದೂಕಾಲು ಕಿಲೋ ಸಗಣಿ, ಒಂದೂಕಾಲು ಲೀಟರ್ ಗಂಜಲ, ಕಾಲು ಕಿಲೋ ಬೆಲ್ಲ, ಕಾಲು ಕಿಲೋ ಕಡಲೆ ಅಥವಾ ಹುರುಳಿ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ದಿನಕ್ಕೆ ಎರಡು ಸಲ ಕೋಲಿನಿಂದ ತಿರುವಿ, ತೇವ ಇರುವ ಮಣ್ಣಿಗೆ ಹಾಕಬೇಕು. ಬೆಲ್ಲಕ್ಕೆ ನಮ್ಮ ಕಡೆ ಬರವಿಲ್ಲ, ಆಲೆಮನೆಯ ತಳದ ಬೆಲ್ಲವೇ ಸಾಕು. ಆದರೆ ಇದೊಂದನ್ನೇ ಹಾಕಿ ಗೊಬ್ಬರ ನಿಲ್ಲಿಸಿಬಿಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವರ್ಷಪೂರ್ತಿ ಕಡ್ಡಿ ಬಿಡುವ ಗಿಡಕ್ಕೆ ಹೊಟ್ಟೆ ತುಂಬ ಊಟ ಬೇಕು, ಮಜ್ಜಿಗೆ ಒಂದರಲ್ಲೇ ಸಾಕೋದಕ್ಕಾಗ್ತದೆಯೆ?

ಇನ್ನು ಕಬ್ಬಿನ ತರಗು. ಕಬ್ಬು ಕಡಿದ ಮೇಲೆ ಬೆಂಕಿ ಇಡುವ ಅಭ್ಯಾಸ ಇನ್ನೂ ಹೋಗಿಲ್ಲ. ಆ ಹೊಗೆಯಲ್ಲಿ ಹೋಗೋದು ನಮ್ಮ ಮಣ್ಣಿಗೆ ಸೇರಬೇಕಾದ ಸಾರ. ಪಕ್ಕದ ಹೊಲದವರು ಸುಡುವ ಮೊದಲೇ ಕೇಳಿ ಎರಡು ಗಾಡಿ ತಂದುಕೊಳ್ಳಿ. ಸಾಲುಗಳ ನಡುವೆ ಮೂರು ಇಂಚು ದಪ್ಪ ಹಾಸಿದರೆ ಕಳೆ ಅಡಗ್ತದೆ, ತೇವ ನಿಲ್ತದೆ, ಕಳೆ ಕೀಳುವ ಕೂಲಿ ಉಳೀತದೆ. ಗಿಡದ ಕತ್ತಿಗೆ ತಾಗಿಸಬೇಡಿ, ಮಳೆಗಾಲದಲ್ಲಿ ಬುಡ ಕೊಳೀತದೆ. ಕೆಂಪು ಮಣ್ಣಲ್ಲಿ ಒಣ ತರಗಿಗೆ ಗೆದ್ದಲು ಬರೋದುಂಟು, ಅಂಥ ಕಡೆ ಹಾಸಿದ ಮೇಲೆ ಸಗಣಿ ನೀರು ಚಿಮುಕಿಸಿ ತೇವವಾಗಿ ಇಡಿ. ಎಳನೀರಿಗೆ ಹೆಸರಾದ ಮದ್ದೂರಿನವರು ತೆಂಗಿನ ನಾರಿನ ಪುಡಿಯನ್ನು ಹಸಿಯಾಗಿಯೇ ಗಿಡಕ್ಕೆ ಸುರಿಯಬಾರದು, ಅದನ್ನು ಕೊಳೆಸಿ ಗೊಬ್ಬರ ಮಾಡಿಯೇ ಹಾಕಬೇಕು.

ನೀರಿನ ವಿಷಯ ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಕನ್ನಂಬಾಡಿ ಕಟ್ಟೆ 124.80 ಅಡಿಗೆ ಏರಲೇ ಇಲ್ಲ, ಕಾವೇರಿ ನೀರಿಗಾಗಿ ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್ ಆಯಿತು. ನಾಲೆಯ ಕೊನೆಯಲ್ಲಿರುವ ಮದ್ದೂರು, ಮಳವಳ್ಳಿಯ ಊರುಗಳಿಗೆ ಒಳ್ಳೆಯ ವರ್ಷದಲ್ಲೂ ನೀರು ತಡವಾಗಿಯೇ ಮುಟ್ಟೋದು. ಐದು ಗುಂಟೆ ಹೂವಿಗೆ ಹನಿ ನೀರಾವರಿ ಹಾಕಿಸಿ. ತೋಟಗಾರಿಕೆ ಇಲಾಖೆಯ ಸಹಾಯಧನ ಈ ವರ್ಷ ಎಷ್ಟು ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಪಹಣಿ ಯಾರ ಹೆಸರಲ್ಲಿ ಇದೆ ಅನ್ನೋದೇ ಅಲ್ಲಿ ಮೊದಲ ಪ್ರಶ್ನೆ, ಮನೆಯಲ್ಲಿ ಮಾತಾಡಿಕೊಂಡೇ ಹೋಗಿ.

ಔಷಧಿ ಹೊಡೆಯುವ ಮುನ್ನ

ಹೂವನ್ನು ತಿನ್ನೋದಿಲ್ಲ, ಆದ್ದರಿಂದ ಎಷ್ಟು ಔಷಧಿ ಹೊಡೆದರೂ ನಡೀತದೆ ಅನ್ನುವ ಮಾತು ಹಳ್ಳಿಯಲ್ಲಿ ಉಂಟು. ಸ್ವಲ್ಪ ಯೋಚನೆ ಮಾಡಿ. ಸಂಜೆ ಔಷಧಿ ಹೊಡೀತಾರೆ. ಬೆಳಗಿನ ಜಾವ ಐದು ಗಂಟೆಗೆ ಇಬ್ಬನಿಯಲ್ಲಿ ನೆನೆದ ಗಿಡದ ನಡುವೆ ಸೀರೆ ಎತ್ತಿಕಟ್ಟಿ ಹೂ ಬಿಡಿಸೋದು ಯಾರು? ಹೆಂಗಸರು. ಆ ಹೂವನ್ನು ಮನೆಗೆ ತಂದು ಮಡಿಲಲ್ಲಿ ಹಾಕಿಕೊಂಡು ಕಟ್ಟೋದು, ದಾರವನ್ನು ಹಲ್ಲಲ್ಲಿ ಕಚ್ಚಿ ಹರಿಯೋದು, ಅದೇ ಕೈಯಲ್ಲಿ ಮಗುವಿಗೆ ತುತ್ತು ಕೊಡೋದು ಯಾರು? ಮೊಳ ಹೂ ಕೊಂಡು ತಲೆಗೆ ಮುಡಿದು ರಾತ್ರಿ ಅದರ ಮೇಲೇ ತಲೆ ಇಟ್ಟು ಮಲಗುವವರೂ ಹೆಂಗಸರೇ. ಹೂವಿನ ಔಷಧಿಯ ಪಾಲು ಮೊದಲು ಬರೋದು ನಮಗೇ.

ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು, ಅಲ್ಲಿಯ ಮನೆಗಳಲ್ಲಿ ಮಕ್ಕಳು ಪಟ್ಟ ಪಾಡು ಪತ್ರಿಕೆಗಳಲ್ಲಿ ಬಂದದ್ದನ್ನು ಓದಿದ್ದೇವೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಅಷ್ಟು ವರ್ಷ ಅದೂ ಅಂಗಡಿಯಲ್ಲಿ "ಒಳ್ಳೆ ಔಷಧಿ" ಆಗಿಯೇ ಮಾರಾಟ ಆಗ್ತಿತ್ತು.

ಔಷಧಿ ಡಬ್ಬಿಯ ಮೇಲೆ ಬಣ್ಣದ ಗುರುತು ಇರ್ತದೆ. ಕೆಂಪು ಅತಿ ಘೋರ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಓದಲು ಬಾರದ ಅಜ್ಜಿಗೂ ಬಣ್ಣ ಗೊತ್ತಾಗ್ತದೆ, ಸಂಘದ ಸಭೆಯಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ ತಂದು ತೋರಿಸಿ. ಕೆಂಪು, ಹಳದಿ ಗುರುತಿನದು ಹೂ ಕೀಳುವ ಹೊಲಕ್ಕೆ ಬರಲೇಬಾರದು ಅನ್ನೋದು ನಮ್ಮ ಅಭಿಪ್ರಾಯ. ಅಂಗಡಿಯವರಿಂದ ಬಿಲ್ಲು ಕೇಳಿ ಪಡೆಯಿರಿ. ಎರಡು ಮೂರು ಔಷಧಿ ಒಟ್ಟಿಗೆ ಬೆರೆಸಿ ಹೊಡೆಯೋದು ಬೇಡ.

ಸುಗಂಧರಾಜಕ್ಕೆ ಹೆಚ್ಚಾಗಿ ಬರುವ ನುಸಿ, ಹೇನು, ಮೊಗ್ಗುಕೊರಕಗಳಿಗೆ ಬೇವಿನ ಕಷಾಯದಲ್ಲೇ ಸಾಕಷ್ಟು ಕೆಲಸ ಆಗ್ತದೆ, ಹುಳು ಕಡಿಮೆ ಇರುವಾಗಲೇ ಶುರು ಮಾಡಬೇಕು ಅಷ್ಟೇ. ಅರ್ಧ ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಲ್ಲಿ ನೆನೆಸಿ, ಬೆಳಿಗ್ಗೆ ಚೆನ್ನಾಗಿ ಹಿಂಡಿ, ಸೋಸಿ, 10 ಲೀಟರ್ ಮಾಡಿಕೊಳ್ಳಿ. ಎಲೆಗೆ ಅಂಟಲು ಸ್ವಲ್ಪ ಸೋಪಿನ ನೀರು ಬೆರೆಸಿ. ಹೂ ಕಿತ್ತ ದಿನ ಸಂಜೆ ಹೊಡೆಯಿರಿ, ಅಂದೇ ತಯಾರಿಸಿ ಅಂದೇ ಮುಗಿಸಿ. ಹಳದಿ ತಗಡಿಗೆ ಹರಳೆಣ್ಣೆ ಸವರಿ ನೇತು ಹಾಕಿದರೆ ಹೇನು, ಬಿಳಿನೊಣ ಅಂಟ್ತವೆ, ನೀಲಿ ತಗಡಿಗೆ ಥ್ರಿಪ್ಸ್ ನುಸಿ. ತಗಡು ಹೊಲದಲ್ಲಿದ್ದರೆ ಯಾವ ಹುಳು ಎಷ್ಟು ಬಂದಿದೆ ಅಂತಲೂ ತಿಳೀತದೆ, ಸುಮ್ಮನೆ ವಾರಕ್ಕೊಮ್ಮೆ ಹೊಡೆಯೋದು ತಪ್ಪುತ್ತದೆ.

ಕೊಯ್ಲು ಮತ್ತು ಮಾರಾಟ

ಬಿಡಿ ಹೂವನ್ನು ಬಿಸಿಲು ಏರುವ ಮುಂಚೆ ಕೀಳಬೇಕು. ಕಡ್ಡಿ ಹೂವಾದರೆ ತಳದ ಒಂದೆರಡು ಹೂ ಅರಳಿದಾಗಲೇ ಹರಿತವಾದ ಚಾಕುವಿನಿಂದ ಕತ್ತರಿಸಿ. ಪೂರ್ತಿ ಅರಳಿಸಿ ಕತ್ತರಿಸಿದರೆ ದಾರಿಯಲ್ಲೇ ಉದುರ್ತದೆ. ಕತ್ತರಿಸಿದ ಕೂಡಲೆ ಬುಡವನ್ನು ನೀರಿನ ಬಕೆಟ್ಟಿಗೆ ಇಳಿಸಿ, ಉದ್ದದ ಪ್ರಕಾರ ಬೇರೆ ಮಾಡಿ ಕಟ್ಟಿ. ಕಟ್ಟೋದಕ್ಕೆ ಬಾಳೆ ನಾರು, ಸುತ್ತೋದಕ್ಕೆ ಒದ್ದೆ ಬಾಳೆ ಎಲೆ ಅಥವಾ ಗೋಣಿ. ಪ್ಲಾಸ್ಟಿಕ್ ಕವರಿನಲ್ಲಿ ಹೂ ಬೆವರಿ ಕಪ್ಪಾಗ್ತದೆ, ದುಡ್ಡೂ ಖರ್ಚು.

ಮದ್ದೂರು, ಮಂಡ್ಯದವರಿಗೆ ಬೆಂಗಳೂರು, ಮೈಸೂರು ಎರಡೂ ಕಡೆಗೆ ರೈಲು ಉಂಟು, ಮಳವಳ್ಳಿಯವರಿಗೆ ಬಸ್ಸೇ ಗತಿ. 2023ರಲ್ಲಿ ಶುರುವಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ದಾರಿಯಲ್ಲಿ ಆ ವರ್ಷ ಆಗಸ್ಟ್ 1ರಿಂದ ಆಟೊ, ಬೈಕು, ಟ್ರ್ಯಾಕ್ಟರ್ ಬಿಡೋದಿಲ್ಲ. ಆಟೊದಲ್ಲಿ ಹೂ ಕಳಿಸುವವರು ಸರ್ವಿಸ್ ರಸ್ತೆಯ ಸಮಯ ಲೆಕ್ಕ ಹಾಕಿಯೇ ಹೊರಡಿಸಬೇಕು.

ಮಂಡಿಯ ಏಜೆಂಟರು ಬೀಜಕ್ಕೆ, ಗೊಬ್ಬರಕ್ಕೆ ಮುಂಗಡ ಕೊಡ್ತಾರೆ. ಮುಂಗಡ ತೆಗೆದುಕೊಂಡ ಮೇಲೆ ಹೂವೆಲ್ಲ ಅವರಿಗೇ ಹಾಕಬೇಕು, ತೂಕ ಅವರದ್ದೇ, ಬೆಲೆ ಅವರದ್ದೇ, ಕಮಿಷನ್ನೂ ಹಿಡಿದುಕೊಳ್ತಾರೆ. ಬಡ್ಡಿ ಇಲ್ಲದ ಸಾಲ ಅಂತ ಕಾಣ್ತದೆ, ಆದರೆ ಕಿಲೋಗೆ ಎರಡು ರೂಪಾಯಿ ಕಡಿಮೆ ಬರೆದರೆ ಅದೇ ಬಡ್ಡಿ. ಗೆಡ್ಡೆಗೆ ಬೇಕಾದ ದುಡ್ಡನ್ನು ಸಂಘದ ಆಂತರಿಕ ಸಾಲದಿಂದ ತೆಗೆದುಕೊಂಡರೆ ಹೂ ಎಲ್ಲಿ ಬೇಕಾದರೂ ಮಾರುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲೇ ಉಳೀತದೆ. ಮೊದಲ ಹೂ ಬರಲು ಮೂರು ತಿಂಗಳ ಮೇಲೆ ಆಗೋದರಿಂದ ಕಂತು ಕೂಡ ನಾಲ್ಕನೇ ತಿಂಗಳಿಂದ ಶುರು ಆಗುವಂತೆ ಸಭೆಯಲ್ಲಿ ನಿರ್ಣಯ ಬರೆಸಿ. ಒಂದೇ ಊರಿನ ಏಳೆಂಟು ಜನ ಸೇರಿ ಒಬ್ಬರನ್ನು ಸರದಿಯಂತೆ ಪೇಟೆಗೆ ಕಳಿಸಿದರೆ ಬಸ್ ಖರ್ಚು ಹಂಚಿಹೋಗ್ತದೆ. ಮನೆಯಲ್ಲೇ ಒಂದು ತಕ್ಕಡಿ ಇರಲಿ, ತೂಗಿ ಬರೆದಿಟ್ಟುಕೊಂಡೇ ಕಳಿಸಿ.

ಬೆಲೆ ಏರಿಳಿತ ತಪ್ಪಿದ್ದಲ್ಲ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ, ನವೆಂಬರ್ 2ರ ಸಮಾಧಿ ಹಬ್ಬ, ಕ್ರಿಸ್ಮಸ್, ಮದುವೆ ಲಗ್ನಗಳ ಕಾಲ ಒಳ್ಳೆಯದು. ಪಿತೃಪಕ್ಷ ಬಿದ್ದುಹೋಗ್ತದೆ. ಆಷಾಢದಲ್ಲಿ ಮದುವೆ ಇಲ್ಲ, ಆದರೂ ಚಾಮುಂಡಿ ಬೆಟ್ಟದ ಆಷಾಢ ಶುಕ್ರವಾರಗಳಿಂದ ಮೈಸೂರಿನಲ್ಲಿ ಕೈ ಹಿಡೀತದೆ. ಇದೆಲ್ಲ ಗೊತ್ತಿರುವ ಲೆಕ್ಕ. ಗೊತ್ತಿಲ್ಲದೆ ಬಂದದ್ದು 2020ರ ಲಾಕ್‌ಡೌನ್. ಯುಗಾದಿಗೆ ಅಂತ ಬೆಳೆದ ಹೂ ಹೊಲದಲ್ಲೇ ಬಾಡಿತು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಆ ದರದಲ್ಲಿ ಐದು ಗುಂಟೆಗೆ ಬರೋದು ಸುಮಾರು 1,250 ರೂಪಾಯಿ! ಅದಕ್ಕೇ ಇರುವ ಜಮೀನಿಗೆಲ್ಲ ಹೂವನ್ನೇ ಹಾಕಬೇಡಿ. ರಾಗಿ, ಅವರೆ, ಮನೆಗೆ ಬೇಕಾದ ತರಕಾರಿ ಇರಲಿ. ಹೂವಿನಲ್ಲೂ ಸುಗಂಧರಾಜದ ಜೊತೆ ಮರದ ನೆರಳಲ್ಲಿ ಎರಡು ಸಾಲು ಕನಕಾಂಬರ ಇದ್ದರೆ ಒಂದಕ್ಕೆ ಬೆಲೆ ಇಲ್ಲದಾಗ ಇನ್ನೊಂದು ನಡೆಸ್ತದೆ.

ಮೂರನೇ ವರ್ಷ ಕಡ್ಡಿ ಗಿಡ್ಡ ಆಗ್ತಾ ಬಂದಾಗ ಗೆಡ್ಡೆ ಅಗೆಯುವ ಕಾಲ ಬಂತು ಅಂತ ತಿಳಿಯಿರಿ. ಎಲೆ ಒಣಗಲು ಬಿಟ್ಟು ನೀರು ನಿಲ್ಲಿಸಿ ಅಗೆದರೆ ಒಂದೊಂದು ಬುಡದಲ್ಲೂ ದೊಡ್ಡದು ಚಿಕ್ಕದು ಸೇರಿ ಹಲವಾರು ಗೆಡ್ಡೆ ಸಿಗ್ತವೆ. ದೊಡ್ಡವನ್ನು ಬೇರೆ ಜಾಗಕ್ಕೆ ನೆಟ್ಟುಕೊಳ್ಳಿ, ಮಿಕ್ಕದ್ದನ್ನು ಸಂಘದ ಇನ್ನೊಬ್ಬ ಸದಸ್ಯೆಗೆ ಕಡಿಮೆ ಬೆಲೆಗೆ ಕೊಡಬಹುದು. ಕೊಡುವ ಮೊದಲು ಹತ್ತಾರು ಗಿಡದ ಬೇರನ್ನು ನೀರಲ್ಲಿ ತೊಳೆದು ನೋಡಿ. ಗಂಟು ಕಂಡರೆ ಆ ಹೊಲದ ಗೆಡ್ಡೆಯನ್ನು ಯಾರಿಗೂ ಕೊಡಬೇಡಿ, ಮಾರಲೂ ಬೇಡಿ. ಹುಳು ಗೆಡ್ಡೆಯ ಬೇರಿನ ಜೊತೆಗೇ ಅವರ ಹೊಲಕ್ಕೆ ಹೋಗ್ತದೆ. ಆ ಬೇರುಗಳನ್ನು ಒಣಗಿಸಿ ಸುಟ್ಟು, ಜನವರಿಗೆ ಆ ಜಾಗಕ್ಕೆ ಮತ್ತೆ ಚೆಂಡು ಹೂ ಹಾಕಿ.